ಬಿದ್ದ ಮನೆ, ಎದ್ದ ಮನೆ: ಸಿನಿಮಾ ಯಾರ ಅಂಗಳದಲ್ಲಿ ನಿಂತು ನೋಡುತ್ತದೆ?

ಬದಿಯಡ್ಕದ ಓದುಗ (ಚರ್ಚೆ ಆರಂಭಿಸಿದವರು)

ಇಲ್ಲಿ ಕನ್ನಡ, ಮಲಯಾಳ, ತುಳು ಮೂರೂ ಸಿನಿಮಾ ನೋಡುವವರಿದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಹಣ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದಾಗ ಊರಿನಲ್ಲಿ ಏನಾಗುತ್ತದೆ? ಯಾರಿಗೆ ಹೊಟ್ಟೆ ಉರಿಯುತ್ತದೆ, ಯಾರು ಸಿಟ್ಟನ್ನು ನುಂಗಿಕೊಂಡು ನಗುತ್ತಾರೆ, ಯಾರು ಕಾದು ಕುಳಿತು ತೀರಿಸಿಕೊಳ್ಳುತ್ತಾರೆ? ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಕ್ಕಿ ಮುಡಿಯ ಲೆಕ್ಕದಲ್ಲಿ ಗೇಣಿ ಅಳೆಯುತ್ತಿದ್ದ ಒಕ್ಕಲಿನ ಮೊಮ್ಮಗ ಇಂದು ಎರಡು ಮಾಳಿಗೆಯ ಮನೆಯಲ್ಲಿದ್ದಾನೆ. ಅಳೆಸಿಕೊಳ್ಳುತ್ತಿದ್ದ ದಣಿಯ ಚಾವಡಿಯ ಮಾಡು ಸೋರುತ್ತಿದೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಪೇಟೆಗೆ ಹೋಗುತ್ತಾರೆ, ಒಂದೇ ಜಾತ್ರೆಯಲ್ಲಿ ಎದುರಾಗುತ್ತಾರೆ, ಮಾತೂ ಆಡುತ್ತಾರೆ.

ನನಗೆ ಅನಿಸುವುದು ಇಷ್ಟು. ಇಂಥ ಕಥೆ ಹೇಳುವಾಗ ಕ್ಯಾಮೆರಾ ಹೆಚ್ಚಾಗಿ ಬಿದ್ದ ಮನೆಯ ಚಾವಡಿಯಲ್ಲೇ ಇರುತ್ತದೆ. ಬಿದ್ದವನ ನೋವನ್ನು ನಾವು ಒಳಗಿನಿಂದ ನೋಡುತ್ತೇವೆ. ಎದ್ದವನು ಮಾತ್ರ ಗೇಟಿನ ಆಚೆಯಿಂದ ಕಾಣುತ್ತಾನೆ: ಹೊಸ ಕಾರು, ಜೋರು ಧ್ವನಿ, ಕೈಗೆ ಚಿನ್ನ. ಅಲ್ಲಿಗೆ ಮುಟ್ಟುವವರೆಗೆ ಅವನು ಏನೇನು ಸಹಿಸಿದ ಎಂಬುದು ಕಥೆಗೆ ಬರುವುದೇ ಅಪರೂಪ.

ಸತ್ಯಜಿತ್ ರಾಯ್ ಅವರ 'ಜಲ್ಸಾಘರ್' (1958) ತೆಗೆದುಕೊಳ್ಳಿ. ಜಮೀನ್ದಾರ ಬಿಶ್ವಂಭರ ರಾಯ್. ನದಿ ಅವನ ಭೂಮಿಯನ್ನು ಕೊಚ್ಚಿಕೊಂಡು ಹೋಗುತ್ತಿದೆ, ಸಾಲ ಏರುತ್ತಿದೆ. ಪಕ್ಕದಲ್ಲಿ ಮಹಿಮ್ ಗಂಗೂಲಿ ಎಂಬ ಹೊಸ ಹಣವಂತ. ಅವನ ಮನೆಯಲ್ಲಿ ಕರೆಂಟ್ ಇದೆ, ಜನರೇಟರಿನ ಸದ್ದು ರಾಯನ ಮಾಳಿಗೆವರೆಗೆ ಕೇಳುತ್ತದೆ. ಒಂದು ದೃಶ್ಯದಲ್ಲಿ ರಾಯನ ಆನೆ ಬಯಲಲ್ಲಿ ನಿಂತಿರುತ್ತದೆ, ಗಂಗೂಲಿಯ ಲಾರಿ ಹೋಗುತ್ತದೆ, ಧೂಳಿನಲ್ಲಿ ಆನೆ ಮರೆಯಾಗುತ್ತದೆ. ಮಾತೇ ಇಲ್ಲದೆ ಇಡೀ ಕಥೆ ಅಲ್ಲಿದೆ. ಕೊನೆಯ ಸಂಗೀತ ಕಚೇರಿಯಲ್ಲಿ ನರ್ತಕಿಗೆ ಬಹುಮಾನ ಕೊಡಲು ಗಂಗೂಲಿ ಕೈ ಚಾಚಿದಾಗ ಜಮೀನ್ದಾರ ತನ್ನ ಬೆತ್ತದ ಕೊಕ್ಕೆಯಿಂದ ಆ ಕೈಯನ್ನು ತಡೆಯುತ್ತಾನೆ. ಮನೆಯ ಯಜಮಾನ ಇರುವಾಗ ಮೊದಲ ಬಹುಮಾನ ಅತಿಥಿ ಕೊಡುವ ಹಾಗಿಲ್ಲ. ಉಳಿದ ಕೊನೆಯ ಹಣವನ್ನು ಅಲ್ಲೇ ಕೊಟ್ಟು ಮುಗಿಸುತ್ತಾನೆ. ನೋಡುವ ನಮಗೆ ಆ ಕ್ಷಣ ಎದೆ ಉಬ್ಬುತ್ತದೆ. ಯಾರ ಪರವಾಗಿ ಉಬ್ಬಿತು ಅಂತ ಆಮೇಲೆ ಯೋಚಿಸಬೇಕು. ಇದಕ್ಕೆ ಮೊದಲು ಒಮ್ಮೆ ಹೆಂಡತಿಯ ಒಡವೆ ಮಾರಿ, ನೆರೆಯವನ ಮೇಲಿನ ಹಟಕ್ಕೆ ಕಚೇರಿ ಇಟ್ಟವನು ಅವನು. ಆ ಕಚೇರಿಯ ದಿನವೇ ಹೆಂಡತಿ, ಮಗ ಇಬ್ಬರೂ ನದಿಯ ಪಾಲಾಗುತ್ತಾರೆ. ಸತ್ಯಜಿತ್ ರಾಯ್ ಅವರು ಇದನ್ನೆಲ್ಲ ಮುಚ್ಚಿಡುವುದಿಲ್ಲ, ಅದು ಆ ಸಿನಿಮಾದ ದೊಡ್ಡತನ. ಆದರೂ ಗಂಗೂಲಿಯ ಒಳಗೆ ಏನಿತ್ತು ಎಂಬುದು ನಮಗೆ ತಿಳಿಯುವುದೇ ಇಲ್ಲ.

ನಮ್ಮಲ್ಲಿ ಗಾದೆ ಇದೆ, ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅಂತ. ಈ ಗಾದೆ ಎದ್ದವನು ಕಟ್ಟಿದ್ದಲ್ಲ ಅಲ್ವಾ? ಕೆಳಜಾತಿಯವರು ಮೇಲಿನವರ ಎದುರು ಕೊಡೆ ಬಿಡಿಸುವ ಹಾಗೇ ಇರಲಿಲ್ಲ ಈ ಸೀಮೆಯಲ್ಲಿ. ಹಾಗಿದ್ದ ಮೇಲೆ ಅವನಿಗೆ ಕೊಡೆ ಹಿಡಿಯಲು ರಾತ್ರಿಯೇ ಗತಿ. ಗಾದೆ ಅವನನ್ನು ನೋಡಿ ನಗುತ್ತದೆ. ನಮ್ಮ ಸಿನಿಮಾಗಳೂ ಎಷ್ಟೋ ಸಲ ಇದೇ ನಗುವನ್ನು ನಗುತ್ತವೆ.

ಎದ್ದವನ ಅಂಗಳದಲ್ಲಿ ನಿಂತು ಕಥೆ ಹೇಳಿದ ಸಿನಿಮಾ ನಿಮಗೆ ಯಾವುದು ನೆನಪಾಗುತ್ತದೆ? ಸುಮ್ನೆ ಹೆಸರು ಹೇಳಬೇಡಿ, ಯಾಕೆ ಅಂತಲೂ ಹೇಳಿ.

ಉಪ್ಪಳ, ಈಗ ಶಾರ್ಜಾ

ಮಲಯಾಳದವರು ಆ ಅಂಗಳದಲ್ಲಿ ನಿಂತಿದ್ದಾರೆ. 'ವರವೇಲ್ಪ್' (1989) ನೋಡಿ. ಶ್ರೀನಿವಾಸನ್ ಬರೆದು ಸತ್ಯನ್ ಅಂತಿಕ್ಕಾಡ್ ನಿರ್ದೇಶಿಸಿದ್ದು. ಮೋಹನ್‌ಲಾಲ್ ಗಲ್ಫಿನಿಂದ ಬಂದ ಮುರಳಿ. ಬಂದ ದಿನ ಮನೆ ತುಂಬಾ ನೆಂಟರು. ಇನ್ನು ವಾಪಸ್ ಹೋಗುವುದಿಲ್ಲ ಅಂದ ಮೇಲೆ ಒಬ್ಬೊಬ್ಬರ ಮುಖವೂ ಬದಲಾಗುತ್ತದೆ. ಕೂಡಿಟ್ಟ ಹಣದಲ್ಲಿ ಒಂದು ಬಸ್ ತೆಗೆದುಕೊಳ್ಳುತ್ತಾನೆ. ಕೆಲಸಗಾರರು, ಯೂನಿಯನ್, ಆಫೀಸರುಗಳು ಎಲ್ಲ ಸೇರಿ ಅವನನ್ನು ಹಣ್ಣು ಮಾಡುತ್ತಾರೆ. ಕೊನೆಗೆ ಬಸ್ಸನ್ನೇ ಪುಡಿ ಮಾಡುತ್ತಾರೆ.

ಅದನ್ನು ಯೂನಿಯನ್ ವಿರೋಧಿ ಸಿನಿಮಾ ಅಂತ ರಾಜಕೀಯದವರು ಎಳೆದಾಡಿದ್ದು ಇದೆ. ನನಗೆ ಅಲ್ಲಿ ಕಂಡಿದ್ದು ಬೇರೆ. ಮುರಳಿ ಯಾರ ಹಣವನ್ನೂ ತಿಂದಿಲ್ಲ. ಆದರೂ ಊರಿನವರ ಕಣ್ಣಿಗೆ ಅವನು ಸುಲಭವಾಗಿ ಹಣ ಮಾಡಿಕೊಂಡು ಬಂದವನು, ಅವನಿಂದ ಕಿತ್ತುಕೊಂಡರೆ ಪಾಪ ಇಲ್ಲ ಎಂಬ ಭಾವ. ಇಲ್ಲಿ ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಸ್ಕಫೋಲ್ಡಿಂಗ್ ಮೇಲೆ ನಿಂತವರ ಹಣ ಊರಿಗೆ ಮುಟ್ಟುವಾಗ ಅದರ ಮೇಲೆ ಬೆವರಿನ ಗುರುತು ಇರುವುದಿಲ್ಲ. ಊರಿಗೆ ಕಾಣುವುದು ಪೆಟ್ಟಿಗೆ, ಅತ್ತರು, ಟೈಲ್ಸ್ ಹಾಕಿದ ಜಗಲಿ. ಸಿಟ್ಟು ಹುಟ್ಟುವುದು ಅಲ್ಲಿಂದ.

ಸಲೀಂ ಅಹಮದ್ ಅವರ 'ಪತ್ತೇಮಾರಿ' (2015) ಇನ್ನೂ ಒಳಗೆ ಹೋಗುತ್ತದೆ. ಹಾಯಿ ಹಡಗಿನಲ್ಲಿ ಕಳ್ಳದಾರಿಯಲ್ಲಿ ಹೋದ ಮೊದಲ ತಲೆಮಾರಿನ ನಾರಾಯಣನ್ ಆಗಿ ಮಮ್ಮೂಟಿ. ನಮ್ಮ ಮೊಗ್ರಾಲ್, ಕುಂಬಳೆ, ಉಪ್ಪಳದ ಎಷ್ಟೋ ಮನೆಗಳಲ್ಲಿ ಮೊದಲು ಬೊಂಬಾಯಿ, ಅಲ್ಲಿಂದ ಆಚೆ ಎಂಬ ಕಥೆ ಇದೆ. ಆ ಹಿರಿಯರು ಈಗ ಕಡಿಮೆಯಾಗುತ್ತಿದ್ದಾರೆ. ನಾರಾಯಣನ್ ಮನೆ ಕಟ್ಟಿಸುತ್ತಾನೆ, ಆ ಮನೆಯಲ್ಲಿ ಬಾಳುವುದು ಮಾತ್ರ ಅವನ ಹಣೆಯಲ್ಲಿಲ್ಲ. ಅದರಲ್ಲಿ ಯಾರೂ ವಿಲನ್ ಇಲ್ಲ. ಪ್ರತಿ ತಿಂಗಳೂ ಕಳಿಸಿದ ಹಣವೇ ಅವನನ್ನು ಮನೆಯವರಿಂದ ದೂರ ಇಡುತ್ತದೆ.

ಬದಿಯಡ್ಕದ ಓದುಗ

ಒಳ್ಳೆಯ ಉದಾಹರಣೆ ಕೊಟ್ಟಿರಿ. ಅದರಿಂದಲೇ ಇನ್ನೊಂದು ವಿಷಯ ಹೊಳೆಯಿತು. ಮುರಳಿಯ ಬಸ್ ಒಡೆಯಬೇಕು, ನಾರಾಯಣನ್ ತನ್ನ ಮನೆಯಲ್ಲಿ ಬಾಳದೆ ಹೋಗಬೇಕು. ಆಗಲೇ ನಾವು ಅವರನ್ನು ಪ್ರೀತಿಸುತ್ತೇವೆ. 'ಬಂಗಾರದ ಮನುಷ್ಯ'ದಲ್ಲೂ (1972) ಹಾಗೇ ಅಲ್ವಾ? ರಾಜೀವ ಬರಡು ಭೂಮಿಯಲ್ಲಿ ಹಸಿರು ತರಿಸುತ್ತಾನೆ, ಇಡೀ ಕುಟುಂಬವನ್ನು ಎತ್ತಿ ನಿಲ್ಲಿಸುತ್ತಾನೆ. ಆಮೇಲೆ ಅಕ್ಕನ ಮಗನೇ ಆಸ್ತಿಯ ಬಗ್ಗೆ ಅನುಮಾನದ ಮಾತಾಡುತ್ತಾನೆ, ರಾಜೀವ ಮನೆ ಬಿಟ್ಟು ಹೋಗುತ್ತಾನೆ. ಅಂದರೆ ಎದ್ದವನು ಒಳ್ಳೆಯವನಾಗಿದ್ದರೆ ಸಿನಿಮಾ ಅವನ ಕೈಯಿಂದ ಗಳಿಸಿದ್ದನ್ನೆಲ್ಲ ಬಿಡಿಸುತ್ತದೆ. ಗಳಿಸಿದ್ದನ್ನು ಇಟ್ಟುಕೊಂಡವನು ಕೆಟ್ಟವನಾಗಿರಲೇಬೇಕು. ಗಳಿಸಿ, ಉಳಿಸಿಕೊಂಡು, ರಾತ್ರಿ ಚೆನ್ನಾಗಿ ನಿದ್ದೆ ಮಾಡುವ ನಾಯಕ ಎಲ್ಲಿದ್ದಾನೆ?

ಪೆರ್ಲದ ಮೇಷ್ಟ್ರು

ಸಿನಿಮಾಕ್ಕೆ ಮೊದಲು ನೆಲದ ಲೆಕ್ಕ ಸ್ವಲ್ಪ ಹೇಳುತ್ತೇನೆ, ಹೊಸ ಹುಡುಗರಿಗೆ ಬೇಕು.

1956 ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಹೋಯಿತು. ನಾವು ಭಾಷೆಯ ನೋವನ್ನು ಹೇಳುತ್ತೇವೆ, ಹೇಳಲೇಬೇಕು. ಭೂಮಿಯ ಕಥೆಯೂ ಅಲ್ಲಿಂದಲೇ ಬೇರೆ ದಾರಿ ಹಿಡಿಯಿತು. ಕೇರಳದಲ್ಲಿ 1970 ಜನವರಿ 1ರಿಂದ ಗೇಣಿ ರದ್ದಾಯಿತು. ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂದಿದ್ದು 1974ರಲ್ಲಿ. ಗಡಿಯ ಎರಡೂ ಕಡೆ ಜಮೀನಿದ್ದ ಮನೆಯಾದರೆ ಈಚೆ ಕಡೆ, ಕೇರಳದಲ್ಲಿ, ಒಕ್ಕಲು ಮಾಲೀಕನಾಗಿದ್ದ, ಆಚೆ ಕಡೆ ಅದೇ ದಣಿಗೆ ಇನ್ನೂ ಅಕ್ಕಿ ಬರುತ್ತಿತ್ತು. ಮೂಲಗೇಣಿಯವನಿಗೆ ಮೊದಲೇ ಸ್ವಲ್ಪ ಗಟ್ಟಿ ನೆಲೆ ಇತ್ತು. ಚಾಲಗೇಣಿಯವನನ್ನು ದಣಿ ಯಾವಾಗ ಬೇಕಾದರೂ ಎಬ್ಬಿಸಬಹುದಿತ್ತು. ಅಂಥವನ ಕೈಗೆ ಹಕ್ಕುಪತ್ರ ಬಂತು. ಒಬ್ಬನ ಸಂತೋಷ, ಇನ್ನೊಬ್ಬನ ಸಿಟ್ಟು ಎರಡೂ ಒಂದೇ ಕಾಗದದಲ್ಲಿ ಬಂತು.

ಇಲ್ಲಿ ಒಂದು ಮಾತು ಯಾರೂ ಹೇಳಲಿಲ್ಲ. ಗೇಣಿ ಕೊಡುತ್ತಿದ್ದವನಿಗೆ ಗದ್ದೆ ಸಿಕ್ಕಿತು. ಆ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವನಿಗೆ? ಗುಡಿಸಲು ಇದ್ದ ಜಾಗಕ್ಕೆ ಹಕ್ಕು, ಪಂಚಾಯತಿನಲ್ಲಿ 10 ಸೆಂಟ್ಸ್‌ವರೆಗೆ. ಅದಕ್ಕೂ ಎಷ್ಟೋ ಹೋರಾಟ ಬೇಕಾಯಿತು. ಬುಟ್ಟಿ ಹೆಣೆಯುವ ಕೊರಗರಿಗೆ ಅದೂ ಸರಿಯಾಗಿ ಮುಟ್ಟಲಿಲ್ಲ, ಕಾಲೊನಿ ಸಿಕ್ಕಿತು. ಹಾಗಾಗಿ ಎದ್ದ ಮನೆ, ಬಿದ್ದ ಮನೆ ಅಂತ ಎರಡೇ ಮನೆ ಹೇಳಿದರೆ ನನಗೆ ಒಪ್ಪಿಗೆಯಿಲ್ಲ. ಎದ್ದ ಮನೆಯ ಹಿತ್ತಿಲಲ್ಲಿ ಮೂರನೆಯ ಮನೆ ಒಂದಿದೆ.

ಆ ಮೂರನೆಯ ಮನೆಯ ಸಿನಿಮಾ 'ಚೋಮನ ದುಡಿ'. ಶಿವರಾಮ ಕಾರಂತರ ಕಾದಂಬರಿ 1933ರದ್ದು, ಬಿ.ವಿ. ಕಾರಂತರ ಸಿನಿಮಾ 1975ರದ್ದು. ದೇಶದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು, ಚೋಮನಾದ ವಾಸುದೇವ ರಾವ್ ಅವರಿಗೆ ನಟ ಪ್ರಶಸ್ತಿ ಬಂತು. ಚೋಮನ ಹತ್ತಿರ ಎತ್ತು ಇದೆ. ಉಳುವ ಕೈ ಇದೆ. ಭೂಮಿ ಮಾತ್ರ ಅವನ ಜಾತಿಯವನಿಗೆ ಸಿಗುವ ಹಾಗಿಲ್ಲ. ಸಿನಿಮಾ ಬಂದ ಕಾಲ ನೋಡಿ. ಒಕ್ಕಲುಗಳು ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಎದುರು ನಿಂತ ಕಾಲ ಅದು. ಊರೆಲ್ಲ ಮಾಲೀಕತ್ವದ ಮಾತಾಡುವಾಗ, ಮಾಲೀಕನಾಗಲು ಬಿಡದವನೊಬ್ಬನನ್ನು ಕಾರಂತರು ತೆರೆಗೆ ತಂದರು. ಅವನ ಸಿಟ್ಟಿಗೆ ಹೋಗಲು ಬೇರೆ ದಾರಿಯೇ ಇಲ್ಲ, ದುಡಿಗೆ ಬಡಿಯುತ್ತಾನೆ.

ಮಂಜೇಶ್ವರದ ಹುಡುಗ

ಮೇಷ್ಟ್ರೇ, ಚಾಲಗೇಣಿಯ ವಿಷಯ ಅಜ್ಜನ ಬಾಯಲ್ಲಿ ಕೇಳಿದ್ದೆ, ಇಷ್ಟು ಬಿಡಿಸಿ ಗೊತ್ತಿರಲಿಲ್ಲ.

ನಾನು 'ವಿಧೇಯನ್' (1994) ಬಗ್ಗೆ ಬರೆಯಲೇಬೇಕು. ಅಡೂರ್ ಗೋಪಾಲಕೃಷ್ಣನ್ ಅವರದ್ದು, ಪಾಲ್ ಸಕ್ಕರಿಯ ಅವರ ಕಥೆ. ಗಡಿಯ ನಮಗೆ ಅದು ಬೇರೆ ಊರಿನ ಸಿನಿಮಾ ಅನಿಸುವುದೇ ಇಲ್ಲ. ಭಾಸ್ಕರ ಪಟ್ಟೇಲರ್ ದಕ್ಷಿಣ ಕನ್ನಡದವನು. ಆ ಪಾತ್ರ ಮಾಡಿದ ಮಮ್ಮೂಟಿಯ ಮಲಯಾಳದಲ್ಲಿ ಕನ್ನಡದ ಎಳೆ ಇದೆ, ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಹಾಗೇ. ಪಟೇಲಿಕೆ ಕಾನೂನಿನಲ್ಲಿ ಮುಗಿದಿದೆ, ಊರಿನ ಹೆದರಿಕೆಯಲ್ಲಿ ಮುಗಿದಿಲ್ಲ. ತೊಮ್ಮಿ ಕೇರಳದಿಂದ ವಲಸೆ ಬಂದ ಬಡ ಕ್ರೈಸ್ತ. ತಿರುವಾಂಕೂರಿನಿಂದ ಬಂದವರು ನಮ್ಮ ರಾಜಪುರಂ, ವೆಳ್ಳರಿಕುಂಡು ಗುಡ್ಡಗಳಲ್ಲಿ ರಬ್ಬರ್ ನೆಟ್ಟು ಗಟ್ಟಿಯಾಗಿ ನಿಂತರು, ಅದು ನಮಗೆಲ್ಲ ಗೊತ್ತಿರುವ ಚಿತ್ರ. ಹಾಗೆ ನಿಲ್ಲಲಾಗದ ಒಬ್ಬ ತೊಮ್ಮಿ.

ಪಟ್ಟೇಲರ್ ಅವನ ಮೇಲೆ ಉಗುಳುತ್ತಾನೆ, ಒದೆಯುತ್ತಾನೆ, ಅವನ ಹೆಂಡತಿ ಓಮನಳನ್ನು ಕೆಡಿಸುತ್ತಾನೆ. ಮೊದಲು ತೊಮ್ಮಿಗೆ ಸಿಟ್ಟು ಬರುತ್ತದೆ. ಆಮೇಲೆ ಆ ಸಿಟ್ಟು ಎಲ್ಲಿಗೆ ಹೋಗುತ್ತದೆ ಎಂಬುದೇ ಸಿನಿಮಾ. ಹೆಂಡತಿಯ ಮೈಯಿಂದ ಬರುವ ಯಜಮಾನನ ಅತ್ತರಿನ ಪರಿಮಳ ಅವನಿಗೆ ಇಷ್ಟವಾಗತೊಡಗುತ್ತದೆ. ಇದಕ್ಕಿಂತ ಭಯಂಕರ ದೃಶ್ಯ ನಾನು ನೋಡಿಲ್ಲ. ಹೊಡೆತಕ್ಕಿಂತ ಇದು ಕೆಟ್ಟದ್ದು.

ಕೊರಿಯಾದ 'ಪ್ಯಾರಾಸೈಟ್' (2019) ನೋಡಿದಾಗ ನನಗೆ ಮತ್ತೆ ತೊಮ್ಮಿ ನೆನಪಾದ. ಬಾಂಗ್ ಜೂನ್-ಹೋ ಅವರ ಆ ಸಿನಿಮಾದಲ್ಲೂ ವಾಸನೆಯೇ ಗಡಿ. ಪಾರ್ಕ್ ಮನೆಯ ಯಜಮಾನ ಕೆಟ್ಟ ಮಾತು ಆಡುವವನಲ್ಲ, ಸಂಬಳ ಸರಿಯಾಗಿ ಕೊಡುತ್ತಾನೆ, ನಗುತ್ತಾನೆ. ಡ್ರೈವರ್ ಕಿಮ್‌ನ ಮೈಯ ವಾಸನೆ ಮಾತ್ರ ಅವನಿಗೆ ಆಗುವುದಿಲ್ಲ. ಮಳೆಗೆ ಕಿಮ್‌ನ ಅರೆ ನೆಲಮಾಳಿಗೆಯ ಮನೆ ಮುಳುಗುತ್ತದೆ. ಮರುದಿನ ಶ್ರೀಮಂತರ ಮನೆಯವರು ಮಳೆ ಬಂದು ಆಕಾಶ ಸ್ವಚ್ಛವಾಯಿತು ಅಂತ ತೋಟದಲ್ಲಿ ಪಾರ್ಟಿ ಇಡುತ್ತಾರೆ. ಕಿಮ್ ಅಲ್ಲಿವರೆಗೂ ಎಲ್ಲವನ್ನೂ ನುಂಗಿದ್ದಾನೆ. ಪಾರ್ಕ್ ಇನ್ನೊಬ್ಬ ಬಡವನ ವಾಸನೆಗೆ ಮೂಗು ಹಿಡಿದಾಗ ಅವನ ಕೈ ಚಾಕುವಿಗೆ ಹೋಗುತ್ತದೆ. ತೊಮ್ಮಿ ಯಜಮಾನನ ವಾಸನೆಗೆ ಶರಣಾದ. ಕಿಮ್ ತನ್ನ ವಾಸನೆಯ ಅವಮಾನಕ್ಕೆ ಸಿಡಿದ. ತೊಮ್ಮಿಯ ಕಾಲದಲ್ಲಿ ಓಡಿಹೋಗಲು ಊರು ಬಿಟ್ಟು ಇನ್ನೊಂದು ಲೋಕ ಇರಲಿಲ್ಲ. ಕಿಮ್‌ಗೆ ಯಜಮಾನನ ಸೋಫಾದಲ್ಲಿ ಒಂದು ರಾತ್ರಿ ಕುಳಿತ ಅನುಭವ ಇತ್ತು. ಒಂದು ಸಲ ಹತ್ತಿರ ಹೋದವನಿಗೇ ಸಿಟ್ಟು ಜಾಸ್ತಿ ಅಂತ ನನ್ನ ಅನಿಸಿಕೆ.

ಹೊಸದುರ್ಗದವಳು

ಎಲ್ಲರೂ ಗಂಡಸರ ಸಿಟ್ಟಿನ ಬಗ್ಗೆಯೇ ಬರೆಯುತ್ತಿದ್ದೀರಿ. ದಣಿ, ಒಕ್ಕಲು, ಗಲ್ಫಿನವನು, ಡ್ರೈವರ್. ಈ ಎಲ್ಲ ಮನೆಗಳಲ್ಲಿ ಹೆಂಗಸರಿಲ್ಲವೇ?

ಮೇಲೆ ಹೇಳಿದ ಸಿನಿಮಾಗಳನ್ನೇ ಇನ್ನೊಂದು ಸಲ ನೋಡಿ. ಜಲ್ಸಾಘರಿನಲ್ಲಿ ಹೋಗಿದ್ದು ಹೆಂಡತಿಯ ಒಡವೆ. ವಿಧೇಯನ್‌ನಲ್ಲಿ ಪಟ್ಟೇಲರನನ್ನು ತಿದ್ದಲು ನೋಡಿದ ಹೆಂಡತಿ ಸರೋಜಾಳನ್ನು ಅವನೇ ಕೊಲ್ಲುತ್ತಾನೆ. ಚೋಮನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗುವವಳು ಮಗಳು ಬೆಳ್ಳಿ. ಅಲ್ಲಿ ಸಾಲಕ್ಕೆ ಬದಲಾಗಿ ಏನು ಕೊಡಬೇಕಾಯಿತು ಅಂತ ನಿಮಗೆ ಗೊತ್ತು. ಅಧಿಕಾರ ಈ ಕೈಯಿಂದ ಆ ಕೈಗೆ ಹೋಗುವಾಗ ಪ್ರತಿ ಸಲವೂ ಬೆಲೆ ಇವರ ಹತ್ತಿರದಿಂದಲೇ ವಸೂಲಾಗುತ್ತದೆ.

ಅಡೂರರ 'ಎಲಿಪ್ಪತ್ತಾಯಂ' (1981) ಬಗ್ಗೆ ಯಾರೂ ಹೇಳಲಿಲ್ಲ ಅಂತ ಆಶ್ಚರ್ಯ. ಅಳಿಯಕಟ್ಟಿನ ನಾಯರ್ ತರವಾಡು, ಅಂದರೆ ಕುಟುಂಬದ ಮೂಲಮನೆ. ಆಸ್ತಿ ಹೆಣ್ಣಿನ ಬಳಿಯಲ್ಲಿ ಬರುವ ಮನೆ ಅದು, ನಡೆಸುವವನು ಮಾತ್ರ ಉಣ್ಣಿ. ಅಂಗಳಕ್ಕೆ ಹಸು ನುಗ್ಗಿದರೂ ಓಡಿಸಲು ಏಳುವುದಿಲ್ಲ, ತಂಗಿಯನ್ನು ಕೂಗುತ್ತಾನೆ. ದಾರಿಯಲ್ಲಿ ನೀರು ನಿಂತಿದೆ ಅಂತ ಹೊರಟವನು ವಾಪಸ್ ಬರುತ್ತಾನೆ. ರಾತ್ರಿ ತೋಟದಲ್ಲಿ ಕಳ್ಳರು ತೆಂಗಿನಕಾಯಿ ಕೀಳುವ ಸದ್ದು ಕೇಳಿದರೂ ಮಲಗಿಯೇ ಇರುತ್ತಾನೆ. ಹೊರಗೆ ಲೋಕ ಬದಲಾಗಿದೆ, ಅವನಿಗೆ ಗೊತ್ತಿದೆ, ಒಪ್ಪಿಕೊಳ್ಳಲು ಆಗುವುದಿಲ್ಲ. ಅವನು ಬದಲಾಗದೆ ಉಳಿಯಲು ತಂಗಿ ರಾಜಮ್ಮ ಇಡೀ ಬದುಕು ಸವೆಸುತ್ತಾಳೆ. ಅವಳ ಮದುವೆ ಆಗಲಿಲ್ಲ, ಆರೋಗ್ಯ ಹೋಯಿತು. ಶಾರದಾ ಆ ಪಾತ್ರದಲ್ಲಿ ಒಂದು ಮಾತೂ ಜೋರಾಗಿ ಆಡುವುದಿಲ್ಲ. ಅಳಿಯಸಂತಾನದ ನಮ್ಮ ಬಂಟರ ಮನೆಗಳಲ್ಲಿ, ನಾಯರ್, ಮಣಿಯಾಣಿ ಮನೆಗಳಲ್ಲಿ ಇಂಥ ರಾಜಮ್ಮಂದಿರು ಇದ್ದರು. ಕಾಗದದಲ್ಲಿ ಒಡತಿ, ಅಡುಗೆಮನೆಯಲ್ಲಿ ಆಳು.

ಇನ್ನು ನಮ್ಮ ಕಡೆಯದೇ ಸಿನಿಮಾ, 'ತಿಂಗಳಾಳ್ಚ ನಿಶ್ಚಯಂ' (2021). ಸೆನ್ನಾ ಹೆಗ್ಡೆ ಕಾಞಂಗಾಡಿನವರೇ, ಸಿನಿಮಾದ ಮಾತೂ ನಮ್ಮ ಕಡೆಯದೇ. ಕುವೈತ್ ವಿಜಯನ್ ಎಂಬ ಅಪ್ಪ. ಒಂದು ಕಾಲದಲ್ಲಿ ಗಲ್ಫಿನಲ್ಲಿದ್ದ, ಈಗ ಕೈಯಲ್ಲಿ ಹಣ ಅಷ್ಟಕ್ಕಷ್ಟೇ. ಕುವೈತ್ ಎಂಬುದು ಹೆಸರಿನಲ್ಲಿ ಉಳಿದಿದೆ, ಯಜಮಾನಿಕೆ ಮಾತ್ರ ಮನೆಯಲ್ಲಿ ಉಳಿದಿದೆ. ಮಗಳಿಗೆ ಇಷ್ಟವಿಲ್ಲದ ನಿಶ್ಚಿತಾರ್ಥಕ್ಕೆ ಸಾಲ ಮಾಡಿ ಚಪ್ಪರ ಹಾಕಿಸುತ್ತಾನೆ. ಇದು ಎದ್ದ ಮನೆಯ ಎರಡನೆಯ ಅಧ್ಯಾಯ. ಹಣ ಇಳಿಯುವಾಗ ಎದ್ದವನೂ ದಣಿಯ ಹಾಗೇ ಮನೆಯ ಹೆಂಗಸರ ಮೇಲೆ ಹಿಡಿತ ಬಿಗಿ ಮಾಡುತ್ತಾನೆ. ಓದುಗರು ಕೇಳಿದ ಒಳ್ಳೆಯ ನಿದ್ದೆ ಮಾಡುವ ನಾಯಕ ಸಿಕ್ಕರೆ, ಆ ಮನೆಯಲ್ಲಿ ಇನ್ನು ಯಾರು ನಿದ್ದೆ ಮಾಡುತ್ತಾರೆ ಅಂತಲೂ ಕೇಳಿ.

ಮುಳ್ಳೇರಿಯ ತೋಟ

ನಾನು ಸಿನಿಮಾ ಕಡಿಮೆ ನೋಡುವವನು. ಅಡಕೆ ಬೆಳೆಗಾರ. ಒಂದು ಸಿನಿಮಾ ಬಗ್ಗೆ ಮಾತ್ರ ಹೇಳಬಲ್ಲೆ: ಶ್ಯಾಮ್ ಬೆನಗಲ್ ಅವರ 'ಮಂಥನ್' (1976). ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ಮಾಡಿದ ಚಿತ್ರ. ನಮ್ಮ ಗಿರೀಶ್ ಕಾರ್ನಾಡರು ಅದರಲ್ಲಿ ಡಾಕ್ಟರ್ ರಾವ್.

ನಮಗೆ ಅದು ಯಾಕೆ ಹತ್ತಿರ ಅಂದರೆ, 1970ರ ಆಸುಪಾಸಿನಲ್ಲಿ ಅಡಕೆ ಬೆಲೆ ಕುಸಿದಿತ್ತು. ಮಂಡಿಯವನು ಹೇಳಿದ್ದೇ ಬೆಲೆ, ಅವನು ತೂಗಿದ್ದೇ ತೂಕ. ಸಾಲವೂ ಅವನದ್ದೇ. 1973ರಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಮಾಡಿದರು, ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತರು. ಎರಡು ರಾಜ್ಯದ ಗಡಿಯನ್ನು ದಾಟಿದ ಸಹಕಾರಿ ಸಂಸ್ಥೆ ಅದು. ಅಂಥ ಬದಲಾವಣೆ ನೋಡಿದವರಿಗೆ ಮಂಥನ್‌ನ ಒಂದೊಂದು ದೃಶ್ಯವೂ ಗುರುತು ಸಿಗುತ್ತದೆ.

ಆ ಸಿನಿಮಾದಲ್ಲಿ ಹಳ್ಳಿಯ ಹಾಲಿನ ವ್ಯಾಪಾರ ಹಿಡಿದಿಟ್ಟ ಮಿಶ್ರನಿಗೆ ಸಿಟ್ಟು ಬರುವುದು ಸಹಜ. ಅವನ ಲಾಭ ಹೋಗುತ್ತದೆ. ಅದಕ್ಕಿಂತ ದೊಡ್ಡ ಸಿಟ್ಟು ಸರಪಂಚನದ್ದು. ಅವನು ಮೊದಲು ಸೊಸೈಟಿಯ ಪರವಾಗಿಯೇ ಇದ್ದವನು. ಅಧ್ಯಕ್ಷ ತಾನೇ ಆಗುತ್ತೇನೆ ಎಂಬ ಧೈರ್ಯ ಅವನಿಗೆ. ಚುನಾವಣೆಯಲ್ಲಿ ದಲಿತರ ಕಡೆಯವನ ಎದುರು ಸೋಲುತ್ತಾನೆ. ಅಲ್ಲಿಂದ ಅವನಿಗೆ ಸೊಸೈಟಿಯೇ ಶತ್ರು. ಮಿಶ್ರನ ಜೊತೆ ಸೇರುತ್ತಾನೆ. ದಲಿತರ ಗುಡಿಸಲುಗಳಿಗೆ ಬೆಂಕಿ ಬೀಳುತ್ತದೆ. ಹಾಲಿಗೆ ಹೆಚ್ಚು ಬೆಲೆ ಸಿಕ್ಕರೆ ಸರಪಂಚನಿಗೂ ಲಾಭವೇ ಇತ್ತು. ಆ ಲಾಭ ಬೇಡ, ಕೆಳಗಿನವನು ಪಕ್ಕದ ಕುರ್ಚಿಯಲ್ಲಿ ಕೂರಬಾರದು, ಅಷ್ಟೇ. ಹಣ ಹೋದದ್ದನ್ನು ಮನುಷ್ಯ ಮರೆಯುತ್ತಾನೆ. ಸರದಿಯಲ್ಲಿ ನಿಂತು ಹಾಲು ಅಳೆಸುವಾಗ ಮುಂದೆ ನಿಂತವನು ಯಾರು ಎಂಬುದನ್ನು ಮರೆಯುವುದಿಲ್ಲ. ಇದನ್ನು ಇಷ್ಟು ನೇರವಾಗಿ ತೋರಿಸಿದ ಇನ್ನೊಂದು ಸಿನಿಮಾ ಇದ್ದರೆ ಹೇಳಿ, ನೋಡುತ್ತೇನೆ.

ಕುಂಬಳೆಯವ

ತೋಟದವರೇ, 'ಭೂತಯ್ಯನ ಮಗ ಅಯ್ಯು' (1974) ನೋಡಿ. ಗೊರೂರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ಬಡ್ಡಿಗೆ ಕೊಟ್ಟು ಊರನ್ನೇ ಹಿಂಡಿದ ಭೂತಯ್ಯ ಸಾಯುತ್ತಾನೆ, ಊರಿನವರ ಸಿಟ್ಟು ಸಾಯುವುದಿಲ್ಲ. ಅದು ಮಗನ ಹೆಸರಿಗೆ ವರ್ಗವಾಗುತ್ತದೆ. ಅಯ್ಯುವಾಗಿ ಲೋಕೇಶ್, ಎದುರಾಳಿ ಗುಳ್ಳನಾಗಿ ವಿಷ್ಣುವರ್ಧನ್. ಸಿಟ್ಟೂ ಆಸ್ತಿಯ ಹಾಗೇ ಪಿತ್ರಾರ್ಜಿತ ಅಂತ ತೋರಿಸಿದ ಸಿನಿಮಾ. ಕೋರ್ಟು ಕಚೇರಿ ಅಂತ ಎರಡೂ ಮನೆ ಸವೆಯುತ್ತವೆ. ನಮ್ಮ ಕಡೆ ಗಡಿಗುರುತಿನ ಕಲ್ಲಿಗಾಗಿ ಮೂರು ತಲೆಮಾರು ಕೇಸು ನಡೆಸಿದ ಮನೆಗಳಿಲ್ಲವೇ?

'ಕಾಂತಾರ'ದ (2022) ಬಗ್ಗೆ ಒಂದು ಮಾತು. ಎಲ್ಲರೂ ದೈವದ ಬಗ್ಗೆ ಹೇಳುತ್ತಾರೆ. ನನಗೆ ಹಿಡಿಸಿದ್ದು ದಣಿಯ ನಗು. ಅಚ್ಯುತ್ ಕುಮಾರ್ ಮಾಡಿದ ದೇವೇಂದ್ರ ಊರಿನವರ ಜೊತೆ ಸಲುಗೆಯಿಂದ ಇರುತ್ತಾನೆ, ಊಟ ಹಾಕುತ್ತಾನೆ. ಊರಿನ ಸಿಟ್ಟೆಲ್ಲ ಫಾರೆಸ್ಟ್ ಆಫೀಸರ್ ಮುರಳಿಯ ಮೇಲೆ ಹೋಗುವ ಹಾಗೆ ನೋಡಿಕೊಳ್ಳುತ್ತಾನೆ. ಜಾಗ ಹೋಗುತ್ತಿರುವುದು ಅವನ ಕೈಗೆ, ಬೈಗುಳ ಸರಕಾರಕ್ಕೆ. ಹೊಸ ಕಾಲದ ದಣಿ ಒದೆಯುವುದಿಲ್ಲ, ಬೇರೆಯವರ ಕಡೆ ಬೆರಳು ತೋರಿಸುತ್ತಾನೆ. ಪಟ್ಟೇಲರಿಗಿಂತ ಇವನನ್ನು ಗುರುತು ಹಿಡಿಯುವುದು ಕಷ್ಟ.

ಶೇಣಿ ದಾರಿ

ನಮ್ಮೂರಿನ ಹೆಸರು ಬಂದ ಸಿನಿಮಾ ಬಿಟ್ಟಿರಿ. ದಿಲೀಶ್ ಪೋತನ್ ಅವರ 'ತೊಂಡಿಮುದಲುಂ ದೃಕ್ಸಾಕ್ಷಿಯುಂ' (2017). ದಕ್ಷಿಣ ಕೇರಳದಿಂದ ಜಾತಿ ಬಿಟ್ಟು ಮದುವೆಯಾಗಿ ಬಂದ ಜೋಡಿ ನಮ್ಮ ಕಡೆಯ ಒಣ ಜಾಗ ತೆಗೆದುಕೊಳ್ಳುತ್ತಾರೆ. ನೀರಿಲ್ಲ. ಕೊಳವೆ ಬಾವಿ ಕೊರೆಸಲು ತಾಳಿ ಸರವನ್ನೇ ಅಡ ಇಡಲು ಹೊರಟಾಗ ಬಸ್ಸಿನಲ್ಲಿ ಕಳ್ಳ ಅದನ್ನು ನುಂಗುತ್ತಾನೆ. ಅಲ್ಲಿ ಶ್ರೀಮಂತರು ಯಾರೂ ಇಲ್ಲ. ಕಳೆದುಕೊಂಡವನೂ ಬಡವ, ಕದ್ದವನೂ ಬಡವ, ಪೊಲೀಸರೂ ಸಂಬಳದ ಜನ. ಸರ ಒಂದು, ಬೇಕಾದವರು ನಾಲ್ಕು ಜನ. ಸಿಟ್ಟು ಯಾವಾಗಲೂ ಮೇಲೆ ನೋಡಿಯೇ ಬರಬೇಕೆಂದಿಲ್ಲ, ಪಕ್ಕಕ್ಕೂ ಹರಿಯುತ್ತದೆ.

ನೀರಿನ ಮಾತು ಬಂತು ಅಂತ ಹೇಳುತ್ತೇನೆ. ಓದುಗರು ಕೇಳಿದ, ಗಳಿಸಿ ಉಳಿಸಿಕೊಂಡ ನಾಯಕ ನಮ್ಮ ಗಡಿಯಾಚೆಗೇ ಇದ್ದಾರೆ. ಬಂಟ್ವಾಳ ತಾಲೂಕಿನ ಕೇಪುವಿನ ಅಮೈ ಮಹಾಲಿಂಗ ನಾಯ್ಕರು, 2022ರಲ್ಲಿ ಪದ್ಮಶ್ರೀ ಬಂದವರು. ಕೂಲಿ ಮಾಡುತ್ತಿದ್ದವರು. ಕೆಲಸ ಮಾಡುತ್ತಿದ್ದ ತೋಟದ ಮಾಲೀಕರಿಂದ ಗುಡ್ಡದ ಬೋಳು ಜಾಗ ಸಿಕ್ಕಿತು. ಒಬ್ಬರೇ ಸುರಂಗ ಕೊರೆದರು. ಒಂದಾದ ಮೇಲೊಂದು ಸುರಂಗದಲ್ಲಿ ನೀರು ಸಿಗದೆ ಹೋಯಿತು, ಆದರೂ ಬಿಡಲಿಲ್ಲ, ಕೊನೆಗೆ ನೀರು ಬಂತು. ಇಂದು ಅಲ್ಲಿ ಅಡಕೆ ತೋಟ ಇದೆ. ಇದರಲ್ಲಿ ಯಾವ ದುರಂತವನ್ನೂ ಸೇರಿಸದೆ ಸಿನಿಮಾ ಮಾಡಲು ಯಾರಿಗಾದರೂ ಧೈರ್ಯ ಇದೆಯೇ?

ಬದಿಯಡ್ಕದ ಓದುಗ

ಶೇಣಿಯವರ ಪ್ರಶ್ನೆ ಸರಿಯಾಗಿದೆ. ಅವರ ಬದುಕನ್ನೇ ತೆಗೆಯಬೇಕೆಂದಲ್ಲ, ಅಂಥ ಒಂದು ಕಲ್ಪಿತ ಕಥೆ ಸಾಕು. ಗುಡ್ಡದ ಜಾಗ ಸಿಕ್ಕ ಕೂಲಿಯವನು, ನೀರು, ತೋಟ, ಮೊದಲ ಸಲ ತನ್ನ ಹೆಸರಿನ ಚೀಟಿಯಲ್ಲಿ ಅಡಕೆ ಮಾರುವ ದಿನ. ಅವನು ಸೋಲುವುದಿಲ್ಲ. ಊರು ಅವನ ಜೊತೆ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಕಥೆ. ಮೊದಲು ಹುಚ್ಚ ಅನ್ನುತ್ತಾರೆ, ನೀರು ಸಿಕ್ಕ ಮೇಲೆ ಅದೃಷ್ಟ ಅನ್ನುತ್ತಾರೆ. ಶ್ರಮವನ್ನು ಅದೃಷ್ಟ ಅಂತ ಕರೆಯುವುದು ಹೊಟ್ಟೆಕಿಚ್ಚಿನ ಸಭ್ಯ ರೂಪ. ಆ ಒಂದು ಬದಲಾವಣೆಯನ್ನು ಸರಿಯಾಗಿ ತೋರಿಸಿದರೆ ಸಾಕು, ಬೆಂಕಿ, ಕೊಲೆ ಏನೂ ಬೇಕಾಗಿಲ್ಲ. ಬಿದ್ದ ಮನೆಯ ಮಗನೂ ಇರಲಿ. ಅವನು ಕೆಟ್ಟವನಾಗಬಾರದು. ತನ್ನ ಅಪ್ಪ ಯಾರಿಗೂ ಬೇಡವೆಂದು ಬಿಟ್ಟ ಗುಡ್ಡದಲ್ಲಿ ಈಗ ಹಸಿರು ನೋಡಿ ಅವನಿಗೆ ಆಗುವ ಸಂಕಟವೂ ನಿಜವೇ.

ಪೆರ್ಲದ ಮೇಷ್ಟ್ರು

ಒಪ್ಪಿದೆ. ಆದರೆ ಮೂರನೆಯ ಮನೆ ಬಿಡಬೇಡಿ. ತೋಟ ಬೆಳೆದ ಮೇಲೆ ಅವನೂ ಅಡಕೆ ಕೊಯ್ಯಲು ಕೂಲಿಗೆ ಜನ ಕರೆಯುತ್ತಾನಲ್ಲ. ಅವರಿಗೆ ಊಟ ಎಲ್ಲಿ ಹಾಕುತ್ತಾನೆ, ಜಗಲಿಯಲ್ಲೋ ಅಂಗಳದಲ್ಲೋ, ಸಂಜೆ ಕೂಲಿ ಎಷ್ಟು ಎಣಿಸಿ ಕೊಡುತ್ತಾನೆ, ಕೊಡುವಾಗ ಅವರ ಮುಖ ನೋಡುತ್ತಾನೋ ಇಲ್ಲವೋ. ಈ ದೃಶ್ಯ ಇಲ್ಲದಿದ್ದರೆ ನಾನು ಆ ಸಿನಿಮಾವನ್ನು ಅರ್ಧ ಸಿನಿಮಾ ಅಂತಲೇ ಹೇಳುತ್ತೇನೆ.

ಹೊಸದುರ್ಗದವಳು

ಮತ್ತೆ ಹಕ್ಕುಪತ್ರದಲ್ಲಿ ಅವನ ಹೆಂಡತಿಯ ಹೆಸರೂ ಇದೆಯೇ ಅಂತ ತೋರಿಸಿ. ಸುರಂಗದಿಂದ ಮಣ್ಣು ಹೊತ್ತು ಹೊರಗೆ ಹಾಕಿದವಳು ಅವಳಾದರೆ.